ಹಳದಿ ಬೊಟ್ಟಿನವಳು ಹೆದರಲು ಕಲಿತದ್ದು

ಬೆಂಗಳೂರು, ವಿಮಾನ ಹತ್ತುವ ಮುಂಚೆ

ನನ್ನ ಮೊದಲ ಪರದೇಶ ಪ್ರವಾಸದಲ್ಲಿ ನಾನು ಮೊಟ್ಟಮೊದಲು ಕಳೆದುಕೊಂಡದ್ದು ಒಂದು ಡಬ್ಬಿ ಅಂಟಿನುಂಡೆ. ಅತ್ತೆ ಮೊಣಕಾಲು ನೋವನ್ನೂ ಲೆಕ್ಕಿಸದೆ ಒಲೆಯ ಮುಂದೆ ಕೂತು ಕಟ್ಟಿಕೊಟ್ಟ ಉಂಡೆಗಳು ಅವು. "ಮರಳಿನ್ಯಾಗ ಏನ್ ಸಿಗತೈತೋ ಏನೋ, ದಿನಾ ಒಂದ ಬಾಯಾಗ ಹಾಕ್ಕೋ" ಎಂದಿದ್ದರು. ಚೆಕ್-ಇನ್ ಸರದಿಯಲ್ಲಿ ನನ್ನ ಹಿಂದೆ ನಿಂತಿದ್ದ ಮಂಗಳೂರು ಕಡೆಯ ಹೆಂಗಸಿಗೆ ಡಬ್ಬಿ ಕಾಣಿಸಿತು. ಒಳಗೆ ಏನೇನು ಹಾಕಿದ್ದೀರಿ ಎಂದು ಕೇಳಿದರು. ನಾನು ಹೆಮ್ಮೆಯಿಂದ ಕೊಬ್ಬರಿ, ಅಂಟು, ಉತ್ತತ್ತಿ, ಗಸಗಸೆ ಎಂದು ಪಟ್ಟಿ ಒಪ್ಪಿಸಿದೆ.

"ಗಸಗಸೆಯಾ? ದೇವರೇ, ದುಬೈಗೆ ಯಾರಾದ್ರೂ ಗಸಗಸೆ ತಕೊಂಡು ಹೋಗ್ತಾರಾ ಮಾರಾಯ್ತಿ? ಅಲ್ಲಿ ಅದು ಅಫೀಮಿನ ಲೆಕ್ಕ. ಸೀದಾ ಒಳಗೆ ಹಾಕ್ತಾರೆ!"

ಗದಗಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು, ಹೊರಡುವ ಮುಂಚೆ ಮರಳುಗಾಡಿನ ಹಲ್ಲಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೆ. ಗಸಗಸೆಯ ಬಗ್ಗೆ ಮಾತ್ರ ಓದಿರಲಿಲ್ಲ. ಬೆವರುತ್ತ ಡಬ್ಬಿಯನ್ನು ಅಲ್ಲೇ ನೆಲ ಒರೆಸುತ್ತಿದ್ದ ಅಕ್ಕನ ಕೈಗಿತ್ತೆ. ಆಕೆ ಒಂದುಂಡೆ ಮುರಿದು ಬಾಯಿಗೆ ಹಾಕಿಕೊಂಡು, "ಚೆನ್ನಾಗೈತೆ, ಇನ್ನೊಂಚೂರು ಬೆಲ್ಲ ಹಾಕ್ಬೇಕಿತ್ತು" ಎಂದಳು. ಅತ್ತೆಗೆ ಇದನ್ನು ನಾನು ಇವತ್ತಿನವರೆಗೂ ಹೇಳಿಲ್ಲ.

ಅತ್ತೆಗೆ ನನ್ನ ಪ್ರವಾಸವೇ ಒಂದು ಹುಚ್ಚಾಟವಾಗಿ ಕಂಡಿತ್ತು. "ಹಲ್ಲಿ ನೋಡಾಕ ಅಲ್ಲೀತನಕಾ ಯಾಕ ಹೋಗಬೇಕು? ನಮ್ಮ ಅಡಗಿಮನಿಯಾಗ ಬೇಕಾದಷ್ಟ ಅದಾವ." ನಾನು ಹೊರಟದ್ದು ಅಡಿಗೆಮನೆಯ ಹಲ್ಲಿಗಲ್ಲ. ಅರಬರು ಧಬ್ ಎಂದು ಕರೆಯುವ, ಬಾಲದ ತುಂಬ ಮುಳ್ಳಿರುವ, ಮೊಳಕ್ಕಿಂತ ಉದ್ದ ಬೆಳೆಯುವ, ಸೊಪ್ಪು ತಿಂದು ಬದುಕುವ ಸಾಧು ಪ್ರಾಣಿಗಾಗಿ. ಅಬುಧಾಬಿಯ ಒಳನಾಡಿನಲ್ಲಿ ಒಂದು ಕಡೆ ಇವು ಪೂರ್ತಿ ಇಲ್ಲವಾಗಿದ್ದವು. ಅಲ್ಲಿಗೆ ಮತ್ತೆ ಅವನ್ನು ತಂದು ಬಿಡುವ ಕೆಲಸಕ್ಕೆ ಒಂದು ಹಂಗಾಮಿನ ಮಟ್ಟಿಗೆ ಕೈ ಬೇಕಾಗಿತ್ತು. ಅರ್ಜಿ ಹಾಕಿದೆ, ಕರೆದರು. ಶಿವರಾತ್ರಿ ಮುಗಿಸಿ ಹೊರಟು ಅಲ್ಲಿ ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ವಾಪಸ್ಸು ಬರುವುದೆಂದು ತೀರ್ಮಾನವಾಯಿತು. ಮೂರು ವರ್ಷದ ಮಗಳು ಪುಟ್ಟಿಯನ್ನು ಗಂಡ ವೀರೇಶನಿಗೂ ಅತ್ತೆಗೂ ಒಪ್ಪಿಸಿದೆ. ಹೊರಡುವಾಗ ಅವಳು ಅಳಲಿಲ್ಲ. ನನ್ನ ಸೂಟ್‌ಕೇಸಿನ ಗಾಲಿ ತಿರುಗಿಸುವುದರಲ್ಲೇ ಮುಳುಗಿದ್ದಳು. ವಿಮಾನದಲ್ಲಿ ಅತ್ತವಳು ನಾನು.

ಅಲ್ ಬರ್ಷಾ

ದುಬೈಯಲ್ಲಿ ನನ್ನನ್ನು ಇಳಿಸಿಕೊಂಡದ್ದು ಸೆವ್ರಿನ್ ಬಾಯಿ. ಶಿರ್ವದ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಅರ್ಧ ಆಯುಷ್ಯ ಇಲ್ಲಿನ ಆಸ್ಪತ್ರೆಯೊಂದರಲ್ಲಿ ಮಕ್ಕಳ ವಾರ್ಡಿನ ನರ್ಸ್ ಆಗಿದ್ದು ನಿವೃತ್ತರಾದವರು, ಈಗ ಹೋಟೆಲಿನಲ್ಲಿ ಕೆಲಸ ಮಾಡುವ ಮಗಳ ವೀಸಾದ ಮೇಲೆ ಅಲ್ ಬರ್ಷಾದ ಫ್ಲ್ಯಾಟಿನಲ್ಲಿದ್ದಾರೆ. ಕೂತು ತಿನ್ನುವ ಜೀವವಲ್ಲ. ಅಬುಧಾಬಿಯ ಮರಳಿನಲ್ಲಿದ್ದ ನಮ್ಮ ಶಿಬಿರದಲ್ಲಿ ಸೊರಗಿದ ಪ್ರಾಣಿಗಳ ಆರೈಕೆ, ಜೊತೆಗೆ ಅಡಿಗೆ, ಎರಡನ್ನೂ ತಾವಾಗಿಯೇ ವಹಿಸಿಕೊಂಡಿದ್ದರು. ವಾರಕ್ಕೊಮ್ಮೆ ಸ್ನಾನಕ್ಕೂ ನಿದ್ದೆಗೂ ನಾನು ಅವರ ಮನೆಗೆ ಬರುವುದೆಂದು ಅವರೇ ತೀರ್ಮಾನಿಸಿದರು.

ಆ ಮನೆಯ ಬಾಲ್ಕನಿಯಲ್ಲಿ ಬಸಳೆ ಬಳ್ಳಿ ಸರಳುಗಳನ್ನೆಲ್ಲ ಅಪ್ಪಿಕೊಂಡು ಹಬ್ಬಿತ್ತು. ಆಚೆ ಮೆಟ್ರೋ ಸದ್ದಿಲ್ಲದೆ ಹಾಯುತ್ತಿತ್ತು. ನಮ್ಮ ಗದಗಿನ ರಸ್ತೆಯಲ್ಲಿ ಹತ್ತು ಹೆಜ್ಜೆ ನಡೆದರೆ ಹತ್ತು ಜನ ಮಾತಾಡಿಸುತ್ತಾರೆ. ಇಲ್ಲಿ ಲಿಫ್ಟಿನಲ್ಲಿ ಕನ್ನಡ ಕೇಳಿಸಿತೆಂದು ನಾನು ಹಿಗ್ಗಿ ಒಂದು ಮಗುವನ್ನು "ಯಾವ ಊರು ಪುಟ್ಟಾ ನಿಮ್ದು?" ಎಂದು ಕೇಳಿದರೆ, ಅದು ಇಂಗ್ಲಿಷಿನಲ್ಲಿ ತನ್ನ ಮಹಡಿಯ ನಂಬರ್ ಹೇಳಿ ಇಳಿದುಹೋಯಿತು.

ರಾತ್ರಿ ಊಟಕ್ಕೆ ನೀರುದೋಸೆ. ನಾಲ್ಕನೆಯದಕ್ಕೆ ನಾನು ತಟ್ಟೆಗೆ ಕೈ ಅಡ್ಡ ಹಿಡಿದೆ. ಸೆವ್ರಿನ್ ಬಾಯಿ ಕೈಯನ್ನು ಪಕ್ಕಕ್ಕೆ ಸರಿಸಿ ಐದನೆಯದನ್ನೂ ಹಾಕಿದರು.

"ಬೇಡ ಅಂದ್ರೆ ನಂಗೆ ಕೇಳುದಿಲ್ಲ. ಬೇಡ ಹೇಳುವವರಿಗೆ ತಿನ್ಸಿಯೇ ನನ್ನ ಸರ್ವಿಸ್ ಮುಗ್ದದ್ದು."

ಆ ರಾತ್ರಿ ವೀಡಿಯೋ ಕರೆಯಲ್ಲಿ ಪುಟ್ಟಿ ಫೋನನ್ನು ಮೂಗಿಗೇ ಒತ್ತಿಕೊಂಡು "ಅಮ್ಮ ಬಾ, ಅಮ್ಮ ಬಾ" ಎಂದು ಗೋಗರೆದಳು. ಸೆವ್ರಿನ್ ಬಾಯಿ ಪಕ್ಕದ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡರು.

ಮುಸಫ್ಫಾ

ಮರಳಿಗೆ ಹೋಗುವ ಮೊದಲು ತಗಡು ತರಲು ಮುಸಫ್ಫಾಕ್ಕೆ ಹೋದೆವು. ಅಬುಧಾಬಿಯ ಬೆಡಗನ್ನೆಲ್ಲ ಕುಟ್ಟಿ, ಬೆಸೆದು, ಬಣ್ಣ ಬಳಿದು ಕಳಿಸುವ ಜಾಗ ಅದು. ಕಬ್ಬಿಣ ಕೊಯ್ಯುವ ಸದ್ದು, ಕಿಡಿ, ಎಣ್ಣೆ ವಾಸನೆ, ಕಂಪನಿ ಬಸ್ಸುಗಳ ಸಾಲು. ಹುಬ್ಬಳ್ಳಿಯ ಗೋಕುಲ ರೋಡಿನ ವರ್ಕ್‌ಶಾಪುಗಳು ನೆನಪಾಗಿ ನನಗೆ ಅಲ್ಲಿ ಆರಾಮವೆನಿಸಿತು. ಧಬ್‌ಗಳ ಬೇಲಿಗೆ ನುಣುಪಾದ ತಗಡೇ ಆಗಬೇಕು, ಜಾಲರಿಯಾದರೆ ಹತ್ತಿಬಿಡುತ್ತವೆ.

ತಗಡು ಕತ್ತರಿಸುತ್ತಿದ್ದವರು ಇಂಡಿ ಕಡೆಯ ಬಸಣ್ಣ. ನನ್ನ ಹಿಂದಿಯ ಧಾಟಿ ಕೇಳಿಯೇ ಅವರಿಗೆ ಊರು ಗೊತ್ತಾಗಿಹೋಯಿತು.

"ಹಲ್ಲಿಗಿ ಕಂಪೌಂಡ್ ಏನ್ರೀ ಮೇಡಂ? ನಮ್ಮೂರಾಗ ಸಾಲಿಗೇ ಕಂಪೌಂಡ್ ಇಲ್ಲ!" ಎಂದು ನಕ್ಕರು. ಆಮೇಲೆ ಮನೆಮಂದಿ ಬಗ್ಗೆ ವಿಚಾರಿಸಿದರು. ಮಗಳಿಗೆ ಮೂರು ವರ್ಷವೆಂದೆ.

"ನನ್ನ ಮಗನೂ ಅಷ್ಟ ಇದ್ದಾಗ ನಾ ಇಲ್ಲಿ ಬಂದಿನ್ರಿ. ಮೊದಲನೇ ಸರ್ತಿ ರಜಾಕ್ಕ ಹ್ವಾದಾಗ ಬಾಗಲಾಗ ನಿಂತು 'ಯಾರ್ ಬೇಕಾಗಿತ್ರೀ?' ಅಂತ ಕೇಳಿದ ನೋಡ್ರಿ ನನಗ. ರಿ ಹಚ್ಚಿ!" ಬಸಣ್ಣ ಇದನ್ನು ಬಹಳ ಸಲ ಹೇಳಿ ನುಣುಪು ಮಾಡಿಕೊಂಡಿದ್ದರೆಂದು ಕಾಣುತ್ತದೆ, ಜೋರಾಗಿ ನಕ್ಕರು. ನಾನೂ ನಗಲು ನೋಡಿದೆ. ಆಗಲಿಲ್ಲ. ವಾಪಸ್ಸು ಬರುವ ದಾರಿಯುದ್ದಕ್ಕೂ ನಾನು ಅದನ್ನೇ ಯೋಚಿಸುತ್ತಿದ್ದೆ.

ಬೇಲಿಯೊಳಗೆ

ಶಿಬಿರದ ಮುಖ್ಯಸ್ಥ ಹಮದ್, ಅಲ್ಲಿಯವರೇ, ಐವತ್ತರ ಆಸುಪಾಸು. ನಾವು ಹಿಂದಿ ಇಂಗ್ಲಿಷ್ ಕಲಸಿಕೊಂಡು ಮಾತಾಡುತ್ತಿದ್ದೆವು. ಮೊದಲ ದಿನ ಅವರು ಪುಟ್ಟ ಬಟ್ಟಲಲ್ಲಿ ಖಾವಾ ಎಂಬ ಅರಬರ ಕಾಫಿ ಸುರಿದರು. ಕುಡಿದೆ, ಮತ್ತೆ ಸುರಿದರು, ಮತ್ತೆ ಕುಡಿದೆ. ನಮ್ಮಲ್ಲಿ ಬಡಿಸುವವರಿಗೆ ಸಾಕೆನ್ನಲು ಎಲೆಯ ಮೇಲೆ ಕೈ ಚಾಚುತ್ತೇವೆ. ಇಲ್ಲಿ ಬಟ್ಟಲನ್ನು ಹೀಗೆ ಹಾಗೆ ಅಲ್ಲಾಡಿಸಿ ಕೊಡಬೇಕಂತೆ. ಅದು ಗೊತ್ತಾಗುವ ಹೊತ್ತಿಗೆ ನನ್ನ ಎದೆ ಡಬಡಬ ಬಡಿದುಕೊಳ್ಳುತ್ತಿತ್ತು.

ಹಮದ್ ವಿವರಿಸಿದರು. ನಮಗೆ ಬರುವ ಧಬ್‌ಗಳು ಹೊಸ ರಸ್ತೆ ಹಾಯುವ ನೆಲದಿಂದ ಎತ್ತಿ ತಂದವು. ತಂದು ಸುಮ್ಮನೆ ಬಿಟ್ಟರೆ ಅವು ಇಲ್ಲಿ ನಿಲ್ಲುವುದಿಲ್ಲ. ಹುಟ್ಟಿದ ಬಿಲ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ಮುಖ ಮಾಡಿ ನಡೆಯುತ್ತವೆ, ಹೆದ್ದಾರಿ ಅಡ್ಡ ಬಂದರೂ ನಡೆಯುತ್ತವೆ. ಆದ್ದರಿಂದ ಬೇಲಿ. ಒಳಗೆ ನಾವು ಒಂದೊಂದಕ್ಕೂ ಮೊಳದಷ್ಟು ಕುಳಿ ತೋಡಿಕೊಡುತ್ತೇವೆ. ಮುಂದಿನದನ್ನು ಅದು ತಾನೇ ಅಗೆದುಕೊಳ್ಳಬೇಕು. ಆಳವಾಗಿ ಅಗೆದುಕೊಂಡಿತೆಂದರೆ ಈ ನೆಲವನ್ನು ಒಪ್ಪಿತು ಎಂದರ್ಥ. ಆಗ ಬೇಲಿ ತೆಗೆಯುವುದು.

"ಹೆಸರು ಇಡಬಾರದು. ಇಟ್ಟರೆ ಖಲಾಸ್, ನಿಮ್ಮ ಕೆಲಸ ಕೆಡುತ್ತದೆ" ಎಂದರು. ಗುರುತಿಗೆ ಬೆನ್ನಿನ ಮೇಲೆ ಬಣ್ಣದ ಬೊಟ್ಟು ಮಾತ್ರ.

ಮೊದಲ ದಿನಗಳಲ್ಲಿ ಅವುಗಳನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಬಿಸಿಲೇರುತ್ತಲೇ ಎಲ್ಲವೂ ಬೇಲಿಯ ಒಂದೇ ಬದಿಗೆ, ತಮ್ಮ ಹಳೆಯ ನೆಲದ ಕಡೆಗೆ ಹೋಗಿ, ತಗಡಿಗೆ ಮೂತಿ ಒತ್ತಿ ನಿಲ್ಲುತ್ತಿದ್ದವು. ಸಂಜೆ ನೆಟ್‌ವರ್ಕ್ ಸಿಗುವ ಒಂದೇ ದಿಬ್ಬದ ಮೇಲೆ ಫೋನ್ ಹಿಡಿದು ನಿಂತಾಗ ನನ್ನ ಅವಸ್ಥೆಯೂ ಅದೇ.

ಉಪವಾಸದ ತಿಂಗಳು

ಆ ವರ್ಷ ಹಮದರ ರಂಜಾನ್ ಮತ್ತು ಸೆವ್ರಿನ್ ಬಾಯಿಯ ಈಸ್ಟರ್ ಮುಂಚಿನ ಉಪವಾಸ ಒಟ್ಟಿಗೇ ಬಂದಿದ್ದವು. ಹಗಲಿಗೆ ಉಣ್ಣುವವಳು ಇಡೀ ಶಿಬಿರದಲ್ಲಿ ನಾನೊಬ್ಬಳೇ. ಗುಡಾರದೊಳಗೆ ಕಳ್ಳಬೆಕ್ಕಿನಂತೆ ಕೂತು ಚಪಾತಿ ಮುರಿಯಬೇಕಾಗುತ್ತಿತ್ತು. ಕಡೆಗೆ ನಾಚಿಕೆಯಾಗಿ ನಾನೂ ಸಂಜೆಯವರೆಗೆ ಕಾಯತೊಡಗಿದೆ. ಸೂರ್ಯ ಮುಳುಗುತ್ತಲೇ ಹಮದ್ ಖರ್ಜೂರ ಹಂಚುತ್ತಿದ್ದರು, ಸೆವ್ರಿನ್ ಬಾಯಿ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು, ನಾನು ಇಷ್ಟಲಿಂಗ ಹಿಡಿದ ಕೈಯನ್ನು ಎದೆಗೆ ಒತ್ತಿಕೊಳ್ಳುತ್ತಿದ್ದೆ. ಮೂವರೂ ಒಂದೇ ತಟ್ಟೆಗೆ ಕೈ ಹಾಕುತ್ತಿದ್ದೆವು.

ನಾಲ್ಕನೆಯ ಉಪವಾಸಿ ಒಂದಿತ್ತು. ಹಳದಿ ಬೊಟ್ಟಿನ ಚಿಕ್ಕ ಹೆಣ್ಣು. ಉಳಿದವು ನಿಧಾನಕ್ಕೆ ತಗಡು ಬಿಟ್ಟು ಸೊಪ್ಪಿನ ಕಡೆ ತಿರುಗಿದವು, ನೆಲ ಕೆರೆಯತೊಡಗಿದವು. ಇದು ತಿನ್ನಲಿಲ್ಲ, ಅಗೆಯಲಿಲ್ಲ. ಬಾಲದ ಬುಡ ಸೊರಗಿ ಎಲುಬು ಕಾಣತೊಡಗಿತು. ಸೆವ್ರಿನ್ ಬಾಯಿ ಅಲ್ ಬರ್ಷಾದಿಂದ ಬಸಳೆ ತಂದರು, ಮೂಸಲಿಲ್ಲ. ಮೆಂತ್ಯ ತಂದರು, ಬೇಡ. ಇನ್ನು ಹೀಗೇ ಬಿಟ್ಟರೆ ಉಳಿಯುವುದಿಲ್ಲವೆಂದು ಹಮದ್ ಹೇಳಿದರು. ಕೈಯಿಂದ ತಿನ್ನಿಸಲು ಅವರೇ ಒಪ್ಪಿಗೆ ಕೊಟ್ಟರು.

ಅಷ್ಟರಲ್ಲಿ ಒಂದು ಸಣ್ಣ ಮಳೆ ಹನಿದಿತ್ತು. ಕೆಲವೇ ದಿನಗಳಲ್ಲಿ ಮರಳಿನ ಮೇಲೆ ಹಳದಿ ಹೂವಿನ ಬಳ್ಳಿ ಹಬ್ಬಿತು. ನೋಡಿದರೆ ನಮ್ಮ ನೆಗ್ಗಿಲಿನ ಒಡಹುಟ್ಟು! ಬರಿಗಾಲಲ್ಲಿ ಹೊಲಕ್ಕೆ ಹೋದವರಿಗೆಲ್ಲ ಗೊತ್ತು ಅದರ ಮುಳ್ಳಿನ ರುಚಿ. ಊರಲ್ಲಿ ಬೈದುಕೊಂಡು ಕಿತ್ತೆಸೆಯುವ ಗಿಡವನ್ನು ಇಲ್ಲಿ ಕಂಡು ನಾನು ಮರಳಲ್ಲಿ ಮೊಣಕಾಲೂರಿ ಕೂತುಬಿಟ್ಟೆ. ಅಷ್ಟು ಖುಷಿಯಾಯಿತು.

ಸೆವ್ರಿನ್ ಬಾಯಿ ಆ ಹಳದಿ ಬೊಟ್ಟಿನವಳನ್ನು, ನಮ್ಮ ಬಾಯಲ್ಲಿ ಬರೀ ಹಳದಿಯನ್ನು, ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡರು. ನಾನು ಹೂವನ್ನು ಎರಡು ಬೆರಳಲ್ಲಿ ಹಿಡಿದು ಅವಳ ತುಟಿಗೆ ತಾಗಿಸಿದೆ.

"ಹಾಗೆ ಮದ್ದು ಕೊಟ್ಟ ಹಾಗೆ ಕೊಡ್ಬೇಡಿ. ಮಗಳಿಗೆ ಹೇಗೆ ತಿನ್ನಿಸ್ತೀರಿ ನೀವು? ಎಂತಾದ್ರೂ ಹೇಳಿ ಅದಕ್ಕೆ."

ನನಗೆ ಗೊತ್ತಿದ್ದದ್ದು ಒಂದೇ ಪಾಠ. "ಇದು ಅಪ್ಪನ ತುತ್ತು, ಇದು ಅಮ್ಮನ ತುತ್ತು, ಇದು ಆಯೀ ತುತ್ತು" ಎಂದು ಶುರುಮಾಡಿದೆ. ಅಜ್ಜಿಯ ಪಾಲಿನ ಆಯೀ ತುತ್ತಿಗೆ ಹಳದಿ ತನ್ನ ಬಾಯಿ ತೆರೆದಳು. ಹೂವು ಕಚ್ಚಿದಳು. ಅಗಿದಳು! ಸೆವ್ರಿನ್ ಬಾಯಿ ಕಣ್ಣೊರೆಸಿಕೊಂಡು "ಇವತ್ತು ನನ್ನ ಉಪವಾಸ ಮುಗೀತು ನೋಡಿ" ಎಂದರು. ಅಂದಿನಿಂದ ದಿನವೂ ಕೈತುತ್ತು. ನನ್ನ ಕೈಗಳಿಗೂ ಅದು ಬೇಕಾಗಿತ್ತು. ಮಗು ಬಿಟ್ಟು ಬಂದ ಮೇಲೆ ಅವಕ್ಕೆ ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ.

ದಿಬ್ಬದ ಮೇಲೆ

ಇತ್ತ ಪುಟ್ಟಿಯ ಅಳು ಕಡಿಮೆಯಾಯಿತು. ಮೊದಲು "ಅಮ್ಮ ಬಾ" ನಿಂತಿತು. ಆಮೇಲೆ ಹೊಸ ಚಪ್ಪಲಿ ತೋರಿಸುವಷ್ಟು ಹೊತ್ತು ಮಾತ್ರ ಬರುತ್ತಿದ್ದಳು. ಆಮೇಲೆ ಅದೂ ಇಲ್ಲ. ವೀರೇಶ ಫೋನ್ ಹಿಡಿದು ಅವಳ ಹಿಂದೆ ಓಡಾಡುತ್ತಿದ್ದ. ನನಗೆ ಕಾಣುತ್ತಿದ್ದದ್ದು ನಮ್ಮ ಮನೆಯ ನೆಲ, ಮಂಚದ ಕಾಲು, ಒಮ್ಮೆ ಅವಳ ಜಡೆಯ ತುದಿ.

"ಹೊಂದಿಕೊಂಡಾಳ ಬಿಡವಾ, ಚಲೋನ ಆತು" ಎಂದರು ಅತ್ತೆ. ನನ್ನನ್ನು ಸಮಾಧಾನಪಡಿಸಲು ಹೇಳಿದ ಮಾತೇ ನನ್ನನ್ನು ಕೊಂದಿತು.

"ಚಾಕಲೇಟ್ ಕೊಡು, ಕರಿ ಆಕೀನ" ಎಂದು ನಾನು ವೀರೇಶನ ಮೇಲೆ ರೇಗಿದೆ. ಚಾಕಲೇಟ್ ಹಿಡಿದು ಪುಟ್ಟಿ ಬಂದಳು, "ಹಲೋ ಅಮ್ಮ" ಎಂದಳು, ಹೋದಳು. ಮರುದಿನವೂ ಚಾಕಲೇಟ್. ನನಗೆ ಅವಳ ಹಲೋ ಬೇಕಾಗಿತ್ತು. ಹೇಗೆ ಸಿಕ್ಕರೂ ಸರಿ, ಬೇಕಾಗಿತ್ತು. ದಿಬ್ಬ ಇಳಿಯುವಾಗ ಮುಸಫ್ಫಾದ ಬಸಣ್ಣನ ನಗು ಕಿವಿಯಲ್ಲಿರುತ್ತಿತ್ತು.

ಬೇಲಿಯ ಹತ್ತಿರ ಮಾತ್ರ ನನ್ನನ್ನು ಕಾಯುವವಳೊಬ್ಬಳಿದ್ದಳು. ಈದ್ ಕಳೆಯುವ ಹೊತ್ತಿಗೆ ಹಳದಿ ಮೈ ತುಂಬಿಕೊಂಡಿದ್ದಳು. ನಮ್ಮ ಜೀಪಿನ ಸದ್ದು ಕೇಳಿದರೆ ಸಾಕು, ಬೇಲಿಯ ಬಾಗಿಲ ಬಳಿಗೆ ಬುಡುಬುಡು ಬರುತ್ತಿದ್ದಳು. ಒಳಗೆ ಕಾಲಿಟ್ಟರೆ ನನ್ನ ಬೂಟಿನ ಮೇಲೆ ಮುಂಗಾಲು ಊರಿ ತಲೆ ಎತ್ತಿ ನೋಡುತ್ತಿದ್ದಳು. ಬಂದಳಲ್ಲ, ನನ್ನನ್ನೇ ಹುಡುಕಿಕೊಂಡು ಬಂದಳಲ್ಲ ಎಂದು ನಾನು ಉಬ್ಬಿಹೋದೆ. ಕುಳಿಯನ್ನು ಮಾತ್ರ ಅವಳು ಒಂದು ಬೊಗಸೆಯಷ್ಟೂ ಅಗೆದಿರಲಿಲ್ಲ. ಅಗೆದು ಬೇರೂರುವ ಅಗತ್ಯವಾದರೂ ಅವಳಿಗೆ ಏನಿತ್ತು?

ಒಂದು ಬೆಳಿಗ್ಗೆ ಹಮದ್ ಇದನ್ನು ನೋಡಿದರು. ನಾನು ಹೆಮ್ಮೆಯಿಂದ ಅವರ ಮುಖ ನೋಡಿದರೆ ಅಲ್ಲಿ ನಗುವಿರಲಿಲ್ಲ.

"ನನ್ನ ಅಜ್ಜ ಧಬ್ ಬೇಟೆಯಾಡುತ್ತಿದ್ದರು. ಅದರ ಮಾಂಸ ನಮ್ಮ ಹಿರಿಯರಿಗೆ ಹಬ್ಬದ ಊಟ. ಈಗ ಹಿಡಿಯುವ ಹಾಗಿಲ್ಲ, ಆದರೂ ರಜೆಯ ದಿನ ಗಾಡಿ ತಂದು ಹಿಡಿಯುವವರು ಇದ್ದಾರೆ. ಬೇರೆ ಧಬ್‌ಗೆ ಅವರು ಬಿಲಕ್ಕೆ ಹೊಗೆ ಹಾಕಬೇಕು, ನೀರು ಸುರಿಯಬೇಕು. ಇದಕ್ಕೆ ಏನೂ ಬೇಡ. ಗಾಡಿ ನಿಂತರೆ ಸಾಕು, ತಾನೇ ನಡೆದು ಬರುತ್ತದೆ."

ನಾನು ಬೂಟಿನ ಮೇಲಿದ್ದ ಅವಳ ಕಾಲನ್ನು ಮೆಲ್ಲಗೆ ಸರಿಸಿದೆ.

"ಮನುಷ್ಯರನ್ನು ಕಂಡರೆ ಓಡುವುದನ್ನು ಇದು ಕಲಿಯಬೇಕು. ಬೇಲಿ ತೆಗೆಯುವ ದಿನದೊಳಗೆ ಕಲಿತರೆ ಮರಳಿಗೆ. ಕಲಿಯದಿದ್ದರೆ ಪೆಟ್ಟಿಗೆಗೆ ಹಾಕಿ ಸಾಕಣೆ ಕೇಂದ್ರಕ್ಕೆ ಕಳಿಸುತ್ತೇನೆ. ಸಾಯುವವರೆಗೂ ಗಾಜಿನ ಮನೆ." ಮತ್ತೆ ಹೇಳಿದರು: "ನಾನು ಹೆದರಿಸಿದರೆ ಪ್ರಯೋಜನವಿಲ್ಲ. ಅದು ನಂಬಿದ್ದು ನಿಮ್ಮಿಬ್ಬರನ್ನು. ನಿಮಗೇ ಹೆದರಬೇಕು."

ಎಣ್ಣೆ ಡಬ್ಬಿ

ಸೆವ್ರಿನ್ ಬಾಯಿ ಖಂಡಿತವಾಗಿ ಆಗುವುದಿಲ್ಲವೆಂದರು.

"ನಾನು ಮಕ್ಕಳಿಗೆ ಸೂಜಿ ಚುಚ್ಚಿ ಚುಚ್ಚಿ ಸಾಕಾದವಳು. ವಾರ್ಡಿಗೆ ಕಾಲಿಟ್ರೆ ಎಲ್ಲಾ ಮಕ್ಕಳು ಒಟ್ಟಿಗೆ ಕೂಗ್ಲಿಕ್ಕೆ ಸುರು ಮಾಡುದು. ನಂಗೆ ಅದು ಇನ್ನು ಬೇಡ. ನನ್ನಿಂದ ಆಗ್ಲಿಕ್ಕಿಲ್ಲ." ಅವರು ಈಸ್ಟರ್ ಹಬ್ಬಕ್ಕೆ ಚರ್ಚಿಗೆಂದು ದುಬೈಗೆ ಹೋದರು. ಇನ್ನು ಉಳಿದವಳು ನಾನು.

ಚಿಕ್ಕಂದಿನಲ್ಲಿ ಜೋಳ ತೆನೆ ಬಿಟ್ಟಾಗ ಹಕ್ಕಿ ಓಡಿಸಲು ನಮ್ಮನ್ನು ಹೊಲಕ್ಕೆ ಕಳಿಸುತ್ತಿದ್ದರು. ಡಬ್ಬಿ ಬಡಿದು ಹೋ ಎಂದು ಕೂಗುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಆ ವಿದ್ಯೆ ಅಬುಧಾಬಿಯಲ್ಲಿ ಉಪಯೋಗಕ್ಕೆ ಬರುತ್ತದೆಂದು ಯಾರಿಗೆ ಗೊತ್ತಿತ್ತು! ಅಡಿಗೆಯ ಖಾಲಿ ಎಣ್ಣೆ ಡಬ್ಬಿ, ಒಂದು ಸೌಟು ಹಿಡಿದು ಬೇಲಿಯೊಳಗೆ ಹೋದೆ.

ಹಳದಿ ಎಂದಿನಂತೆ ಓಡಿ ಬಂದಳು. ಬೂಟಿನ ಮೇಲೆ ಕಾಲು ಊರಿದಳು. ನನ್ನ ಕೈಯಲ್ಲಿ ಹೂವಿದೆಯೇ ಎಂದು ನೋಡಿದಳು. ನಾನು ಡಬ್ಬಿ ಬಡಿದೆ. ಅವಳು ನಾಲ್ಕು ಹೆಜ್ಜೆ ಹಿಂದೆ ಹಾರಿ ನಿಂತಳು. ಕತ್ತು ವಾರೆ ಮಾಡಿ ನೋಡಿದಳು. ಮತ್ತೆ ಬಂದಳು.

"ಹೋಗಽ! ಬರಬ್ಯಾಡ! ಹೋಗಂದ್ರ ಹೋಗು!" ಎಂದು ಕಿರುಚಿದೆ. ಅವಳನ್ನು ಎತ್ತಿ ಅಂಗಾತ ಹಿಡಿದೆ. ಧಬ್‌ಗಳಿಗೆ ಅದಕ್ಕಿಂತ ದೊಡ್ಡ ಭಯವಿಲ್ಲ. ಮೊದಲ ಸಲ ಅವಳು ನನ್ನೆಡೆಗೆ ಬುಸ್ಸೆಂದಳು. ಬಾಲದಿಂದ ಬಡಿದಳು. ಮಣಿಕಟ್ಟಿನಲ್ಲಿ ರಕ್ತ ಬಂತು. ಬಿಟ್ಟೆ. ಓಡಿದಳು. ಒಳ್ಳೆಯದಾಯಿತೆಂದುಕೊಂಡು ಗುಡಾರಕ್ಕೆ ಬಂದು ಬಿಕ್ಕಿದೆ.

ಮರುದಿನ ಮತ್ತೆ ಬಾಗಿಲಲ್ಲಿ ಹಾಜರು. ಈ ಸಲ ಬೂಟಿನವರೆಗೆ ಬರಲಿಲ್ಲ, ಒಂದು ಮಾರು ದೂರದಲ್ಲಿ ನಿಂತಳು. ಇವಳು ನಿನ್ನೆಯವಳೋ ಮೊನ್ನೆಯವಳೋ ಎಂದು ಯೋಚಿಸುವ ಹಾಗಿತ್ತು. ಆ ನಿಲುವು ಇದೆಯಲ್ಲ, ಅದಕ್ಕಿಂತ ಬಾಲದ ಏಟೇ ವಾಸಿ. ಡಬ್ಬಿ ಬಡಿದೆ. ಅಟ್ಟಿಸಿಕೊಂಡು ಹೋದೆ. ಮರಳಲ್ಲಿ ಮುಗ್ಗರಿಸಿ ಬಿದ್ದು ಎದ್ದು ಮತ್ತೆ ಅಟ್ಟಿಸಿದೆ. ಆಚೆಯಿಂದ ಹಮದ್ "ಯಲ್ಲಾ, ಯಲ್ಲಾ!" ಎಂದು ಹುರಿದುಂಬಿಸುತ್ತಿದ್ದರು. ನಡುವಯಸ್ಸಿನ ಅಧ್ಯಾಪಕಿಯೊಬ್ಬಳು ಸೌಟು ಹಿಡಿದು ಹಲ್ಲಿಯ ಹಿಂದೆ ಓಡುವುದನ್ನು ನನ್ನ ವಿದ್ಯಾರ್ಥಿಗಳು ನೋಡಬೇಕಿತ್ತು.

ಹೀಗೇ ದಿನಗಳು ಹೋದವು. ಅವಳಿಗೆ ತಿನ್ನಿಸುವುದು ನಿಂತಿತು. ಒಂದು ದಿನ ಅವಳೇ ಹೋಗಿ ಬಳ್ಳಿಯಿಂದ ಹೂವು ಕಿತ್ತು ತಿಂದಳು. ಇನ್ನೊಂದು ದಿನ ಅವಳ ಕುಳಿಯ ಬಾಯಲ್ಲಿ ಹಸಿ ಮರಳು ಗುಡ್ಡೆ ಬಿದ್ದಿತ್ತು. ನಾನು ಮೊಣಕಾಲೂರಿ ಇಣುಕಿದೆ. ತಳ ಕಾಣಲಿಲ್ಲ. ಈ ನೆಲವನ್ನು ಅವಳು ಒಪ್ಪಿ ಅಗೆದಳೋ, ನನ್ನಿಂದ ಬಚ್ಚಿಟ್ಟುಕೊಳ್ಳಲು ಅಗೆದಳೋ ಎಂದು ಹಮದರನ್ನು ಕೇಳಿದೆ.

"ಎರಡೂ ಒಂದೇ" ಎಂದರು ಅವರು.

ಆ ಸಂಜೆ ದಿಬ್ಬದ ಮೇಲೆ, ಚಾಕಲೇಟ್ ಕೊಟ್ಟರೂ ಪುಟ್ಟಿ ಬರಲಿಲ್ಲ. "ಒಲ್ಲೆ" ಎಂದ ಅವಳ ದನಿ ಮಾತ್ರ ಕೇಳಿಸಿತು. ವೀರೇಶ "ಆಟದಾಗ ಅದಾಳ" ಎಂದು ಸುಳ್ಳಿನಂಥ ನಿಜ ಹೇಳಿದ. ನಾನು ಫೋನ್ ಆರಿಸಿ ಬಹಳ ಹೊತ್ತು ಅಲ್ಲೇ ಕೂತೆ. ಎರಡು ಕಡೆಯಿಂದಲೂ ನಾನು ಬೇಡವಾಗುತ್ತಿದ್ದೆ. ಒಂದು ಕಡೆ ಅದಕ್ಕಾಗಿ ನಾನೇ ದುಡಿಯುತ್ತಿದ್ದೆ.

ಬೇಲಿ ತೆಗೆದ ದಿನ

ಸೆವ್ರಿನ್ ಬಾಯಿ ದುಬೈಯಿಂದ ಬಂದರು. ಅವರ ಕೈಯಲ್ಲಿ ಪೆಟ್ಟಿಗೆ. ಗಾಳಿಯಾಡಲು ತೂತು ಕೊರೆದ, ಒಳಗೆ ಟವೆಲು ಹಾಸಿದ ಪೆಟ್ಟಿಗೆ. ಉಳಿದ ಧಬ್‌ಗಳ ಬಗ್ಗೆ ಸಂಶಯವಿರಲಿಲ್ಲ, ನಮ್ಮ ಗಾಡಿ ನಿಲ್ಲುವ ಮೊದಲೇ ಎಲ್ಲ ಬಿಲ ಸೇರಿದ್ದವು. ಹಳದಿ ತನ್ನ ಬಿಲದ ಬಾಯಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದಳು.

"ಡಬ್ಬಿ ಬೇಡ. ಬರಿಗೈಯಲ್ಲಿ ಸುಮ್ಮನೆ ನಡೆದುಕೊಂಡು ಹೋಗಿ" ಎಂದರು ಹಮದ್. "ನಿಮ್ಮ ಕಡೆ ಬಂದರೆ ಪೆಟ್ಟಿಗೆ."

ನಡೆದೆ. ಅವಳು ತಲೆ ಎತ್ತಿದಳು. ನೋಡಿದಳು. ಅಲುಗಲಿಲ್ಲ. ಇನ್ನಷ್ಟು ಹತ್ತಿರ ಹೋದೆ. ಅಲುಗಲಿಲ್ಲ. ಓಡು, ಓಡೇ ತಾಯಿ, ಎಂದು ಒಳಗೊಳಗೆ ಬೇಡಿಕೊಳ್ಳುತ್ತಿದ್ದೆ. ಅದೇ ಹೊತ್ತಿಗೆ, ಮುಚ್ಚಿಡುವುದೇಕೆ, ಓಡದಿದ್ದರೆ ಎಷ್ಟು ಚೆನ್ನ ಎಂದೂ ಅನಿಸುತ್ತಿತ್ತು. ಇನ್ನೊಮ್ಮೆ, ಒಂದೇ ಒಂದು ಸಲ, ಬೂಟಿನ ಮೇಲೆ ಆ ಪುಟ್ಟ ಕಾಲು ಊರಲಿ ಎಂದು ಆಸೆಯಾಗುತ್ತಿತ್ತು. ಅವಳು ಮುಂಗಾಲು ಎತ್ತಿ ನನ್ನ ಕಡೆಗೆ ಒಂದು ಹೆಜ್ಜೆ ಇಟ್ಟಳು. ಹಿಂದೆ ಸೆವ್ರಿನ್ ಬಾಯಿ ಉಸಿರೆಳೆದದ್ದು ಕೇಳಿಸಿತು.

ನಾನು ಮತ್ತೊಂದು ಹೆಜ್ಜೆ ಇಟ್ಟೆ.

ಹಳದಿ ಸರ್ರನೆ ತಿರುಗಿದಳು. ಮರಳು ಚಿಮ್ಮಿತು. ಬಾಲದ ಮುಳ್ಳುಗಳು ಬಿಲದೊಳಗೆ ಜಾರಿಹೋದವು. ಅಲ್ಲಿ ಖಾಲಿ ಬಾಯಿ ಉಳಿಯಿತು.

"ಖಲಾಸ್" ಎಂದರು ಹಮದ್, ಮೆಲ್ಲಗೆ. ನಂತರ ನನ್ನ ಕಡೆ ತಿರುಗಿ "ಮಬ್ರೂಕ್" ಎಂದು ಅಭಿನಂದಿಸಿದರು.

ಸೆವ್ರಿನ್ ಬಾಯಿ ಪೆಟ್ಟಿಗೆಯಿಂದ ಟವೆಲು ತೆಗೆದು ಮಡಿಸುತ್ತ ನನ್ನ ಪಕ್ಕ ಬಂದು ನಿಂತರು. "ನಿಮ್ಮ ಗುರ್ತ ಸಿಕ್ಕಿತು ಅವಳಿಗೆ. ನೀವೇ ಅಂತ ಗೊತ್ತಾಗಿಯೇ ಓಡಿದ್ದು" ಎಂದು ಆ ಟವೆಲನ್ನು ನನ್ನ ಕೈಗಿಟ್ಟರು. ಮುಖ ಒರೆಸಿಕೊಂಡೆ.

ಮಧ್ಯಾಹ್ನವೆಲ್ಲ ತಗಡು ಬಿಚ್ಚಿ, ಸುರುಳಿ ಸುತ್ತಿ, ಗಾಡಿಗೆ ತುಂಬಿದೆವು. ಬೇಲಿ ಹೋದ ಮೇಲೆ ಆ ಜಾಗ ಎಲ್ಲಿತ್ತೆಂದೇ ತಿಳಿಯದಷ್ಟು ಮರಳು ಒಂದಾಗಿತ್ತು. ಸಂಜೆ ಕಡೆಯ ಸಲ ದಿಬ್ಬ ಹತ್ತಿ ಮನೆಗೆ ಕರೆ ಮಾಡಿದೆ. ವೀರೇಶ ಫೋನ್ ಎತ್ತಿದ. ಹಿಂದೆ ಎಲ್ಲೋ ಪುಟ್ಟಿ ತನ್ನಷ್ಟಕ್ಕೆ ಹಾಡಿಕೊಳ್ಳುತ್ತ ಪಾತ್ರೆ ಬಡಿಯುತ್ತಿದ್ದಳು.

"ತಡಿ, ಕರೀತೀನಿ. ಚಾಕಲೇಟ್ ಇಲ್ಲೇ ಐತಿ" ಎಂದು ಅವನು ಎದ್ದ.

"ಬ್ಯಾಡ, ಕರೀಬ್ಯಾಡ" ಎಂದೆ. "ಆಡ್ಲಿ ಬಿಡು. ನಾನಽ ಬರಾಕತ್ತೀನಿ."